ದಿನದ ಧಮ್ಮ ಚಿಂತನೆ: ಆರುತ್ತಿದ್ದ ದೀಪಕ್ಕೆ ಎಣ್ಣೆ ಎರೆದವರು

  

ಹೋದ ವಾರ ನಾವು ಪಾರಮಿಗಳನ್ನು ಓದುತ್ತಾ ವಿರಿಯದ ಹತ್ತಿರ ನಿಂತೆವು. ವಿರಿಯ ಎಂದರೆ ಕೈಬಿಡದ ಪ್ರಯತ್ನ. ಉದಾಹರಣೆ ಯಾರು ಎಂದು ಕೇಳಿದಾಗ ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಒಂದೇ ಹೆಸರು ಬರೆದಿರಿ, ಬಾಬಾಸಾಹೇಬ್ ಅಂಬೇಡ್ಕರ್. ಕೆಲವರು ಹದಿನೆಂಟು ಗಂಟೆ ಓದಿದ್ದು, ದುಡಿದಿದ್ದು ನೆನೆಸಿಕೊಂಡಿರಿ. ಅದು ಸರಿಯೇ. ಆದರೆ ಆ ಮಾತು ಹೇಳುವಾಗ ನಾವೆಲ್ಲ ಒಂದು ಸಂಗತಿಯನ್ನು ಬಿಟ್ಟೇ ಹೇಳುತ್ತೇವೆ. ದೇಶದ ಸಂವಿಧಾನ ಬರೆಯುತ್ತಿದ್ದ ಕಾಲದಿಂದ ಹಿಡಿದು ಕೊನೆಯ ರಾತ್ರಿಯವರೆಗೆ, ಹತ್ತಿರ ಹತ್ತಿರ ಒಂಬತ್ತು ವರ್ಷ, ಅವರು ಚಿಕಿತ್ಸೆಯಲ್ಲಿದ್ದ ರೋಗಿ. ಇವತ್ತಿನ ಚಿಂತನೆ ಆ ಒಂಬತ್ತು ವರ್ಷಗಳ ಬಗ್ಗೆ.

1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಯಿತು. ಅವರು ಅಧ್ಯಕ್ಷರು, ಜೊತೆಗೆ ಕಾನೂನು ಮಂತ್ರಿ. ಸಮಿತಿಯಲ್ಲಿ ಏಳು ಜನ. ಒಬ್ಬರು ರಾಜೀನಾಮೆ ಕೊಟ್ಟರು, ಅವರ ಜಾಗಕ್ಕೆ ಬಂದವರು ನಮ್ಮ ಮೈಸೂರಿನ ಹಿಂದಿನ ದಿವಾನ್ ಎನ್. ಮಾಧವರಾವ್. ಇನ್ನೊಬ್ಬರು ತೀರಿಕೊಂಡರು. ಉಳಿದವರಲ್ಲಿ ಕೆಲವರಿಗೆ ಬೇರೆ ರಾಜ್ಯಭಾರದ ಕೆಲಸ, ಕೆಲವರು ದೆಹಲಿಯಿಂದ ದೂರ. ಕೊನೆಗೆ ಹೊರೆ ಒಬ್ಬರ ಹೆಗಲಿಗೆ ಬಿತ್ತು ಎಂದು ಸಮಿತಿಯ ಸದಸ್ಯರೇ ಆಗಿದ್ದ ಟಿ.ಟಿ. ಕೃಷ್ಣಮಾಚಾರಿ ಮುಂದೆ ಸಭೆಯಲ್ಲಿ ಹೇಳಿದರು. ಇದು ನಾವು ಪ್ರತಿ ವರ್ಷ ಕೇಳುವ ಕಥೆ. ಆ ಹೆಗಲಿನ ಕೆಳಗೆ ಇದ್ದ ಕಾಲುಗಳ ಕಥೆ ಅಷ್ಟಾಗಿ ಕೇಳಿಲ್ಲ. ಮಧುಮೇಹ ಆಗಲೇ ಉಲ್ಬಣಿಸಿತ್ತು. ಅದರ ಹಿಂದೆಯೇ ನರಗಳ ಉರಿಯೂತ. ಕಾಲು ನೋವು ರಾತ್ರಿ ಹೊತ್ತು ಏರುತ್ತಿತ್ತು. 1948ರ ಆರಂಭದಲ್ಲಿ ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ಬೆಳಗು ಮಾಡಿದ್ದಾರೆ. ಕರಡು ಸಂವಿಧಾನ ಸಂವಿಧಾನ ಸಭೆಯ ಅಧ್ಯಕ್ಷರ ಕೈ ಸೇರಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ.

ಆ ಕಾಲದ ಚಿಕಿತ್ಸೆ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇನ್ಸುಲಿನ್ ಮನುಷ್ಯನ ಮೈಗೆ ಮೊದಲು ಹೋದದ್ದು 1922ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಔಷಧ. ಈಗಿನ ಹಾಗೆ ಪೆನ್ನಿನಂಥ ಸಾಧನ ಇರಲಿಲ್ಲ. ಗಾಜಿನ ಸಿರಿಂಜು, ಉಕ್ಕಿನ ಸೂಜಿ, ಎರಡನ್ನೂ ನೀರಿನಲ್ಲಿ ಕುದಿಸಬೇಕು, ಮೊಂಡಾದ ಸೂಜಿಯನ್ನು ಮಸೆಯಬೇಕು. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಮನೆಗಳಿಗೆ ಬಂದಿರಲಿಲ್ಲ. ಮೂತ್ರವನ್ನು ಬೆನೆಡಿಕ್ಟ್ ದ್ರಾವಣಕ್ಕೆ ಹಾಕಿ ಕಾಯಿಸಿ ಬಣ್ಣ ನೋಡುತ್ತಿದ್ದರು. ನೀಲಿ ಉಳಿದರೆ ಸಮಾಧಾನ, ಹಸಿರು, ಹಳದಿ ದಾಟಿ ಇಟ್ಟಿಗೆ ಕೆಂಪಿಗೆ ತಿರುಗಿದರೆ ಗಾಬರಿ. ಇದೆಲ್ಲಕ್ಕಿಂತ ದೊಡ್ಡ ಕಷ್ಟ ಒಂದಿದೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಬೀಳಲೇಬೇಕು. ಬೀಳದಿದ್ದರೆ ಸಕ್ಕರೆ ಕೆಳಗಿಳಿದು ಬೆವರು, ನಡುಕ, ಕಣ್ಣು ಕತ್ತಲೆ. ಪುಸ್ತಕ ಹಿಡಿದರೆ ಊಟ ಮರೆಯುವ ಮನುಷ್ಯನಿಗೆ, ಒಂಟಿ ಮನೆಯಲ್ಲಿ ಇರುವವನಿಗೆ, ಔಷಧವೇ ಅಪಾಯ ತರಬಹುದು.

ನಾನೂ ಆರು ವರ್ಷದಿಂದ ದಿನಕ್ಕೆ ಮೂರು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಮೂರನೇ ಪೀರಿಯಡ್ಡಿನಲ್ಲಿ ಕಪ್ಪು ಹಲಗೆಯ ಮೇಲಿನ ಅಕ್ಷರ ಓಲಾಡತೊಡಗಿದರೆ ಬ್ಯಾಗಿನಲ್ಲಿ ಬೆಲ್ಲದ ಉಂಡೆ ಇರುತ್ತದೆ. ಅದಕ್ಕೇ ಬಾಬಾಸಾಹೇಬರ ಜೀವನ ಚರಿತ್ರೆಯಲ್ಲಿ ಬೇರೆಯವರು ಎರಡು ಸಾಲಿನಲ್ಲಿ ದಾಟಿ ಹೋಗುವ ಕಾಯಿಲೆಯ ಭಾಗಗಳ ಹತ್ತಿರ ನಾನು ಹೆಚ್ಚು ಹೊತ್ತು ಕೂರುತ್ತೇನೆ.

ಅವರು ಆಗ ಒಂಟಿಯೇ ಆಗಿದ್ದರು. ತಾಯಿ ರಮಾಬಾಯಿ 1935ರ ಮೇ 27ರಂದು ತೀರಿಕೊಂಡಿದ್ದರು. ಮತ್ತೆ ಮದುವೆಯಾಗುವುದಿಲ್ಲ ಎಂದು ಬಾಬಾಸಾಹೇಬರು ನಿಶ್ಚಯ ಮಾಡಿಕೊಂಡಿದ್ದರು. ಹದಿಮೂರು ವರ್ಷ ಹಾಗೇ ನಡೆದರು. ಚಿಕಿತ್ಸೆಗೆಂದು ಮುಂಬಯಿಗೆ ಹೋಗುತ್ತಿದ್ದಾಗ ಡಾ. ಮಾಳವಣಕರ ಅವರ ಬಳಿ ಕೆಲಸ ಮಾಡುತ್ತಿದ್ದ ಡಾ. ಶಾರದಾ ಕಬೀರ್ ಪರಿಚಯವಾದರು. ಪಥ್ಯ, ಇನ್ಸುಲಿನ್, ವಿಶ್ರಾಂತಿ ಇವನ್ನು ಮನೆಯಲ್ಲೇ ಇದ್ದು ನೋಡಿಕೊಳ್ಳುವವರು ಬೇಕೇ ಬೇಕು ಎನ್ನುವುದು ವೈದ್ಯರ ಸಲಹೆ. ಒಬ್ಬ ಹೆಂಗಸನ್ನು ಸುಮ್ಮನೆ ಮನೆಯಲ್ಲಿ ಇರಿಸಿಕೊಂಡರೆ ಲೋಕ ಏನೆನ್ನುತ್ತದೆ ಎನ್ನುವುದೂ ಅವರಿಗೆ ಗೊತ್ತಿತ್ತು. 1948ರ ಏಪ್ರಿಲ್ 15ರಂದು, ಐವತ್ತೇಳು ತುಂಬಿದ ಮರುದಿನ, ದೆಹಲಿಯ ಮನೆಯಲ್ಲೇ ಸಿವಿಲ್ ಮದುವೆ ನಡೆಯಿತು. ಶಾರದಾ ಸವಿತಾ ಆದರು. ಜನ ಅವರನ್ನು ಮಾಯಿಸಾಹೇಬ್ ಎಂದು ಕರೆದರು.

ಈ ಮದುವೆಯನ್ನು ಬಾಬಾಸಾಹೇಬರ ಅನುಯಾಯಿಗಳೇ ಎಷ್ಟೋ ಜನ ಒಪ್ಪಲಿಲ್ಲ. ಹುಡುಗಿ ಬ್ರಾಹ್ಮಣರ ಮನೆಯವಳು ಎನ್ನುವುದು ಒಂದು, ಕೊಟ್ಟುಕೊಂಡ ಮಾತು ಮುರಿದರು ಎನ್ನುವುದು ಇನ್ನೊಂದು. ನನಗೆ ಕಾಣುವುದೇ ಬೇರೆ. ಎದುರಿಗೆ ಮುಗಿಯದ ಸಂವಿಧಾನ, ಅದರ ಹಿಂದೆ ಹಿಂದೂ ಸಂಹಿತೆ ಮಸೂದೆ. ಮೈ ಇಷ್ಟರಲ್ಲೇ ಕೈಕೊಡುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಆ ಹೊತ್ತಿನಲ್ಲಿ ತನ್ನ ಹಟಕ್ಕಿಂತ ಕೆಲಸ ದೊಡ್ಡದು ಎಂದುಕೊಂಡು, ನನಗೆ ಆರೈಕೆ ಬೇಕು ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಜೀವಮಾನವೆಲ್ಲ ಯಾರ ಮುಂದೆಯೂ ಕೈ ಚಾಚದ ಮನುಷ್ಯನಿಗೆ ಅದು ಇನ್ನೂ ಕಷ್ಟ.

ಅಲ್ಲಿಂದ ಮುಂದಿನ ಕೆಲಸ ನೋಡಿ. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟರು. 315 ಅನುಚ್ಛೇದ, 8 ಅನುಸೂಚಿ. ಅದಕ್ಕೆ ಬಂದ ತಿದ್ದುಪಡಿಗಳು 7,635. ಅದರಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಒಂದೊಂದಕ್ಕೂ ಎದ್ದು ನಿಂತು ಉತ್ತರ ಹೇಳಬೇಕಾದವರು ಇವರು. ಎದ್ದು ನಿಲ್ಲುವುದು ಎಂದು ನಾನು ಸುಮ್ಮನೆ ಬರೆಯುತ್ತಿಲ್ಲ. ಕಾಲಿನ ನರ ಹೋದವರಿಗೆ ಅದೂ ಒಂದು ಲೆಕ್ಕ. 1949ರ ನವೆಂಬರ್ 26ಕ್ಕೆ ಸಂವಿಧಾನ ಅಂಗೀಕಾರವಾದಾಗ ಅದರಲ್ಲಿ 395 ಅನುಚ್ಛೇದಗಳಿದ್ದವು. ಹಿಂದಿನ ದಿನದ ದೊಡ್ಡ ಭಾಷಣದಲ್ಲಿ ಬಾಬಾಸಾಹೇಬರು ಈ ಕೀರ್ತಿ ಪೂರ್ತಿ ತನ್ನದಲ್ಲ ಎಂದು ಹೇಳಿ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರ ಹೆಸರನ್ನೂ, ಕರಡು ತಿದ್ದಿ ತಿದ್ದಿ ದಣಿದ ಎಸ್.ಎನ್. ಮುಖರ್ಜಿಯವರ ಹೆಸರನ್ನೂ, ಕಚೇರಿಯ ಸಿಬ್ಬಂದಿಯನ್ನೂ ನೆನೆದರು. ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 1951ಕ್ಕೆ ಬರೋಣ. ನನ್ನ ಮಟ್ಟಿಗೆ ಈ ಒಂಬತ್ತು ವರ್ಷದಲ್ಲಿ ಎಲ್ಲಕ್ಕಿಂತ ಮನ ಕಲಕುವ ಕಾಗದ ಆ ವರ್ಷ ಆಗಸ್ಟ್ 10ರದ್ದು. ಪ್ರಧಾನಿ ನೆಹರೂ ಅವರಿಗೆ ಕಾನೂನು ಮಂತ್ರಿ ಬರೆದದ್ದು. ಅದರ ಸಾರ ಇಷ್ಟು. ತನ್ನ ಆರೋಗ್ಯ ತನಗೂ ವೈದ್ಯರಿಗೂ ಚಿಂತೆ ತಂದಿದೆ. ಸುಮಾರು ಒಂದು ತಿಂಗಳು ಬಿಡದೆ ಚಿಕಿತ್ಸೆ ಆಗಬೇಕು, ಇನ್ನೂ ಮುಂದೂಡಿದರೆ ತೊಡಕು ಹೆಚ್ಚುತ್ತದೆ ಎಂದು ವೈದ್ಯರು ಒತ್ತಾಯಿಸುತ್ತಿದ್ದಾರೆ. ಆದರೆ ವೈದ್ಯರ ಕೈಗೆ ತನ್ನನ್ನು ಒಪ್ಪಿಸುವ ಮೊದಲು ಹಿಂದೂ ಸಂಹಿತೆ ಮಸೂದೆ ಮುಗಿಯಬೇಕು. ಆಗಸ್ಟ್ 16ಕ್ಕೆ ಎತ್ತಿಕೊಂಡರೆ ಸೆಪ್ಟೆಂಬರ್ 1ಕ್ಕೆ ಮುಗಿಸಬಹುದು.

ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ವಿಚ್ಛೇದನದ ಹಕ್ಕು, ಒಬ್ಬನಿಗೆ ಒಬ್ಬಳೇ ಹೆಂಡತಿ. ಮಸೂದೆಯ ಒಳಗಿದ್ದದ್ದು ಇವು. ಅದಕ್ಕಾಗಿ ಒಬ್ಬ ರೋಗಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ತನ್ನ ಚಿಕಿತ್ಸೆಯ ದಿನಗಳನ್ನು ಪಕ್ಕಕ್ಕೆ ಸರಿಸುತ್ತಿದ್ದಾರೆ, ಹದಿನೈದು ದಿನ ಕೊಡಿ ಎಂದು ಕೇಳುತ್ತಿದ್ದಾರೆ. ಸಿಕ್ಕಿದ್ದು ಏನು? ಚರ್ಚೆ ಶುರುವಾಗುವಾಗ ಸೆಪ್ಟೆಂಬರ್ 17. ನಾಲ್ಕು ಕಲಮು ದಾಟುವಷ್ಟರಲ್ಲಿ ಮಸೂದೆಯನ್ನು ಕೈಬಿಟ್ಟರು. ಸೆಪ್ಟೆಂಬರ್ 27ರಂದು ಬಾಬಾಸಾಹೇಬರು ರಾಜೀನಾಮೆ ಬರೆದರು. ಆರೋಗ್ಯದ ಕಾರಣಕ್ಕೆ ಬಿಡುತ್ತಿದ್ದೇನೆ ಎಂದು ಬರೆದಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವರು ಕಾಯಿಲೆಯನ್ನು ನೆಪ ಮಾಡಿಕೊಳ್ಳಲಿಲ್ಲ. ತಾನು ಬಿಡುತ್ತಿರುವುದು ಮೈ ಸೋತದ್ದಕ್ಕಲ್ಲ ಎಂದು ತಮ್ಮ ಹೇಳಿಕೆಯಲ್ಲಿ ಕಾರಣಗಳನ್ನು ಬಿಡಿಸಿ ಬಿಡಿಸಿ ಇಟ್ಟರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಏಪ್ರಿಲ್ 14ರ ವೇದಿಕೆಗಳಲ್ಲಿ ಹದಿನೆಂಟು ಗಂಟೆಯ ಮಾತನ್ನು ನಾವು ಕೋಲಿನ ಹಾಗೆ ಬೀಸುತ್ತೇವೆ. ಡಯಾಲಿಸಿಸ್‌ಗೆ ವಾರಕ್ಕೆರಡು ದಿನ ರಜೆ ಕೇಳುವ ಗುಮಾಸ್ತನಿಗೂ, ಕೀಮೋ ಆದ ಮೂರನೇ ದಿನ ಕಚೇರಿಗೆ ಬಂದು ಮೇಜಿನ ಮೇಲೆ ತಲೆಯಿಟ್ಟ ಹೆಣ್ಣುಮಗಳಿಗೂ ಅದು ತಗಲುತ್ತದೆ. ಅವರು ಕಾಯಿಲೆಯಲ್ಲೂ ದುಡಿಯಲಿಲ್ಲವೇ, ನಿನಗೇನು ಎಂಬ ಧಾಟಿ. ಆ ಆಗಸ್ಟಿನ ಕಾಗದವನ್ನು ಓದಿದವರು ಹಾಗೆ ಹೇಳಲಾರರು. ಚಿಕಿತ್ಸೆ ಬೇಡ ಎಂದು ಅದರಲ್ಲಿ ಎಲ್ಲೂ ಇಲ್ಲ. ಒಂದು ತಿಂಗಳು ಬೇಕು ಎಂದು ತನ್ನ ಮೇಲಿನವರಿಗೆ ಲಿಖಿತವಾಗಿಯೇ ತಿಳಿಸಿದ್ದಾರೆ. ಕಾರ್ಮಿಕರಿಗೆ ಎಂಟು ಗಂಟೆಯ ದುಡಿಮೆ ಮಿತಿ ಬರಲು ವೈಸ್‌ರಾಯ್ ಮಂಡಳಿಯಲ್ಲಿ ಶ್ರಮಿಸಿದವರೂ ಇವರೇ ಅಲ್ಲವೇ?

ಮಂತ್ರಿಗಿರಿ ಹೋಯಿತು. 1952ರ ಆರಂಭದ ಚುನಾವಣೆಯಲ್ಲಿ ಮುಂಬಯಿಯಲ್ಲಿ ಸೋತರು, ಆಮೇಲೆ ರಾಜ್ಯಸಭೆಗೆ ಬಂದರು. ಅದೇ ವರ್ಷ ಜೂನ್‌ನಲ್ಲಿ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪಡೆದರು. 1954ರಲ್ಲಿ ಭಂಡಾರದ ಉಪಚುನಾವಣೆಯಲ್ಲೂ ಸೋಲು. ಅದರ ಬೆನ್ನಿಗೇ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಸಿಗೆ. ಕಾಯಿಲೆಯ ಜೊತೆಗೆ ಔಷಧಗಳ ಅಡ್ಡ ಪರಿಣಾಮ, ಕಣ್ಣಿನ ದೃಷ್ಟಿಯೂ ಕುಂದಿತು. ಸಾವಿರಾರು ಪುಸ್ತಕಗಳ ಒಡೆಯನಿಗೆ ಕಣ್ಣು ಮಂಜಾಗುವುದು ಎಂದರೆ ಏನು ಎಂದು ನಾನು ವಿವರಿಸಬೇಕಿಲ್ಲ. ಡಿಸೆಂಬರ್ ಹೊತ್ತಿಗೆ ಎದ್ದು, ರಂಗೂನಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿ ಬಂದರು.

ಈ ಎಲ್ಲದರ ನಡುವೆ ಒಂದು ಪುಸ್ತಕ ಬೆಳೆಯುತ್ತಿತ್ತು. 1951ರಲ್ಲಿ ಶುರು ಮಾಡಿದ್ದು. ನಾವು ನೀವು ಬುದ್ಧ ಮತ್ತು ಆತನ ಧಮ್ಮ ಎಂದು ಕನ್ನಡದಲ್ಲಿ ಓದುವ ಗ್ರಂಥ. ಹಾಸಿಗೆ ಹಿಡಿದಾಗ ನಿಲ್ಲುತ್ತಿತ್ತು, ಎದ್ದಾಗ ಮುಂದೆ ಸಾಗುತ್ತಿತ್ತು. ಬೆರಳಚ್ಚು ಮಾಡಿದವರು ನಾನಕ್ ಚಂದ್ ರತ್ತು. ಪಂಜಾಬಿನ ಹೋಶಿಯಾರ್‌ಪುರದ ಕಡೆಯವರು, ದೆಹಲಿಯಲ್ಲಿ ಸರ್ಕಾರಿ ನೌಕರ. ಹಗಲು ಕಚೇರಿ, ಸಂಜೆ ಸೈಕಲ್ ಏರಿ ಅಲಿಪುರ ರಸ್ತೆಯ 26ನೇ ನಂಬರಿನ ಮನೆ. ರಾತ್ರಿಯವರೆಗೆ ಟೈಪು, ಕಾಲು ಒತ್ತುವುದು, ಪುಸ್ತಕ ತೆಗೆದುಕೊಡುವುದು. ಅವರ ಹದಿನೆಂಟು ಗಂಟೆಯ ಬಗ್ಗೆ ಯಾರೂ ವೇದಿಕೆಯಲ್ಲಿ ಹೇಳಿದ್ದು ನಾನು ಕೇಳಿಲ್ಲ. ಇನ್ನೊಂದು ಕಡೆ ಸವಿತಾ ಅವರ ಗಡಿಯಾರ. ಇಷ್ಟು ಹೊತ್ತಿಗೆ ಇನ್ಸುಲಿನ್, ಇಷ್ಟು ಹೊತ್ತಿಗೆ ಊಟ, ಇಂಥದು ತಿನ್ನಬಾರದು, ಇನ್ನು ಸಂದರ್ಶಕರು ಸಾಕು. ಈ ಕೊನೆಯದಕ್ಕೆ ಅವರು ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ದೂರದಿಂದ ಬಂದ ಜನರಿಗೆ ಬಾಗಿಲಲ್ಲಿ ತಡೆಯುವ ಹೆಂಡತಿ ಕಾಣುತ್ತಾಳೆ, ಒಳಗೆ ಮಲಗಿರುವ ರೋಗಿ ಕಾಣುವುದಿಲ್ಲ.

ನಮ್ಮ ಬಳಗಕ್ಕೆ ಇಲ್ಲಿ ವಿನಯ ಪಿಟಕದ ಒಂದು ಪ್ರಸಂಗ ನೆನಪಾಗಬೇಕು. ಭೇದಿಯಿಂದ ನರಳುತ್ತಾ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಭಗವಾನರು ನೋಡಿದರು. ಯಾರೂ ಅವನ ಹತ್ತಿರ ಹೋಗುತ್ತಿರಲಿಲ್ಲ. ಆನಂದನಿಂದ ನೀರು ತರಿಸಿದರು. ಭಗವಾನರು ನೀರು ಹೊಯ್ದರು, ಆನಂದ ತಿಕ್ಕಿ ತೊಳೆದ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಮಂಚದ ಮೇಲೆ ಮಲಗಿಸಿದರು. ಆಮೇಲೆಯೇ ಸಂಘವನ್ನು ಕರೆದು ಬುದ್ಧಿ ಹೇಳಿದ್ದು. ಪಾಲಿಯಲ್ಲಿ ಗಿಲಾನ ಎಂದರೆ ರೋಗಿ, ಅವನ ಹತ್ತಿರ ನಿಂತು ನೋಡಿಕೊಳ್ಳುವವನು ಗಿಲಾನುಪಟ್ಠಾಕ. ಕನ್ನಡ ಮೇಷ್ಟರ ಚಾಳಿ ಬಿಡಲಾರದೆ ಇನ್ನೊಂದು ಸೇರಿಸುತ್ತೇನೆ: ನಾವು ಬಳಸುವ ಶುಶ್ರೂಷೆ ಎಂಬ ಪದಕ್ಕೆ ಮೂಲದಲ್ಲಿ ಕೇಳಬೇಕೆಂಬ ಆಸೆ ಎಂದು ಅರ್ಥ. ಮೊದಲು ಕಿವಿ ಕೊಡುವುದು, ಆಮೇಲೆ ಕೈ ಕೊಡುವುದು.

1956 ಬಂತು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಗ್ರಂಥ ಒಂದು ಹದಕ್ಕೆ ಬಂದಿತ್ತು. ಅಚ್ಚಿನ ಖರ್ಚು ಸುಮಾರು 20,000 ರೂಪಾಯಿ. ಕೈಯಲ್ಲಿ ಅಷ್ಟು ಇರಲಿಲ್ಲ. ಸೆಪ್ಟೆಂಬರ್ 14ರಂದು ಮತ್ತೆ ನೆಹರೂ ಅವರಿಗೇ ಕಾಗದ. ಬುದ್ಧ ಜಯಂತಿಯ 2500ನೇ ವರ್ಷ, ಬರುವ ಅತಿಥಿಗಳಿಗೆ, ಗ್ರಂಥಾಲಯಗಳಿಗೆ ಕೊಡಲು ಸರ್ಕಾರ ಸುಮಾರು 500 ಪ್ರತಿ ಕೊಳ್ಳಬಹುದೇ ಎಂದು. ಪ್ರಕಟಣೆಗೆ ಇಟ್ಟ ಹಣ ಮುಗಿದಿದೆ ಎಂದು ಮರುದಿನವೇ ಉತ್ತರ ಬಂತು. ಸಂವಿಧಾನ ಬರೆದವರು ಪುಸ್ತಕದ ಪ್ರತಿ ಕೊಳ್ಳಿ ಎಂದು ಕೇಳಬೇಕಾಯಿತು ಎನ್ನುವುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಒಂದು ತಿಂಗಳಿಗೆ ಅಕ್ಟೋಬರ್ 14, ನಾಗಪುರ. 1935ರಲ್ಲಿ ಯೇವಲೆಯಲ್ಲಿ ಆಡಿದ ಮಾತನ್ನು ಇಪ್ಪತ್ತೊಂದು ವರ್ಷದ ಮೇಲೆ ನಡೆಸಿದ ದಿನ. ಆ ದಿನದ ಬಗ್ಗೆ ಬಳಗದಲ್ಲಿ ಎಷ್ಟೋ ಸಲ ಬರೆದಿದ್ದೇವೆ. ನಾನು ಒಂದೇ ದೃಶ್ಯ ಹೇಳುತ್ತೇನೆ. ಲಕ್ಷಾಂತರ ಜನ ಕಾದಿದ್ದ ವೇದಿಕೆಗೆ ಅವರು ಬಂದದ್ದು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ರತ್ತು ಅವರ ಭುಜದ ಮೇಲೆ. ಪಕ್ಕದಲ್ಲಿ ಬಿಳಿ ಸೀರೆಯ ಸವಿತಾ. ಕುಶಿನಗರದ ವೃದ್ಧ ಭಿಕ್ಷು ಚಂದ್ರಮಣಿ ಮಹಾಸ್ಥವಿರರಿಂದ ಇಬ್ಬರೂ ತ್ರಿಶರಣ, ಪಂಚಶೀಲ ಸ್ವೀಕರಿಸಿದರು. ಆಮೇಲೆ ಬಾಬಾಸಾಹೇಬರು ತಾವೇ ಜನಸಾಗರಕ್ಕೆ ದೀಕ್ಷೆ ಕೊಟ್ಟರು. ಮರುದಿನ ದೀರ್ಘ ಭಾಷಣ, ಅದರ ಮರುದಿನ ಚಂದ್ರಪುರದಲ್ಲಿ ಮತ್ತೆ ದೀಕ್ಷೆ. ನವೆಂಬರ್‌ನಲ್ಲಿ ಕಠ್ಮಂಡು, ಸಾರನಾಥ, ಕುಶಿನಗರ. ತಿಂಗಳ ಕೊನೆಗೆ ದೆಹಲಿ. ಭಗವಾನರು ಕೊನೆಯ ವರ್ಷಾವಾಸದಲ್ಲಿ ವೈಶಾಲಿ ಬಳಿಯ ಬೇಲುವ ಗ್ರಾಮದಲ್ಲಿ ಕಾಯಿಲೆ ಬಿದ್ದಾಗ, ಸಂಘಕ್ಕೆ ಹೇಳದೆ ಹೋಗಬಾರದು ಎಂದು ನೋವನ್ನು ತಡೆದುಕೊಂಡು ಎದ್ದದ್ದನ್ನು ಮಹಾಪರಿನಿಬ್ಬಾಣ ಸುತ್ತದಲ್ಲಿ ಓದಿದ್ದೇವಲ್ಲ, ಈ ಏಳು ವಾರಗಳನ್ನು ಓದುವಾಗ ನನಗೆ ಅದೇ ಕಣ್ಣಿಗೆ ಕಟ್ಟುತ್ತದೆ.

ಎಲ್ಲವೂ ಮುಗಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬುದ್ಧ ಮತ್ತು ಕಾರ್ಲ್ ಮಾರ್ಕ್ಸ್ ಕುರಿತ ಪುಸ್ತಕ, ಪ್ರಾಚೀನ ಭಾರತದ ಕ್ರಾಂತಿ ಪ್ರತಿಕ್ರಾಂತಿಯ ಪುಸ್ತಕ ಹಾಗೇ ಉಳಿದವು. ಬದುಕಿರುವಾಗಲೇ ಇವನ್ನು ಅಚ್ಚಿನಲ್ಲಿ ನೋಡಲಾರೆನೇನೋ ಎಂಬ ದುಃಖವನ್ನು ಆ ವರ್ಷ ಜುಲೈ ಕೊನೆಯಲ್ಲಿ ರತ್ತು ಅವರ ಮುಂದೆ ತೋಡಿಕೊಂಡು ಕಣ್ಣೀರು ಹಾಕಿದ್ದರು.

ಡಿಸೆಂಬರ್ 4ರಂದು ರಾಜ್ಯಸಭೆಗೆ ಹೋಗಿ ಬಂದರು. 5ರ ರಾತ್ರಿ ಜೈನ ಪ್ರಮುಖರು ಕೆಲವರು ಬಂದು ಮಾತಾಡಿ ಹೋದರು. ರತ್ತು ಕಾಲು ಒತ್ತಿದರು, ತಲೆಗೆ ಎಣ್ಣೆ ತಿಕ್ಕಿದರು. ತ್ರಿಶರಣದ ರೆಕಾರ್ಡ್ ಹಾಕಿಸಿ ಅವರೂ ಜೊತೆಗೆ ಗುನುಗಿದರು. ಮಲಗುವ ಮುನ್ನ ಕೇಳಿದ್ದು ಬುದ್ಧ ಗ್ರಂಥದ ಮುನ್ನುಡಿ ಮತ್ತು ಪೀಠಿಕೆಯ ಬೆರಳಚ್ಚು ಹಾಳೆಗಳನ್ನು. ರಾತ್ರಿ ನೋಡುತ್ತೇನೆಂದು ಹಾಸಿಗೆಯ ಪಕ್ಕದಲ್ಲಿ ಇರಿಸಿಕೊಂಡರು. 6ರ ಬೆಳಗ್ಗೆ ಏಳಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತಿದೆ. ದುಃಖದಲ್ಲಿದ್ದ ಜನ ಸವಿತಾ ಅವರತ್ತ ಬೆರಳು ತೋರಿದರು. ಸರ್ಕಾರ ವಿಚಾರಣೆ ನಡೆಸಿತು, ಸಹಜ ಸಾವು ಎಂದೇ ಬಂತು. ಆದರೂ ಎಷ್ಟೋ ವರ್ಷ ಅವರು ಚಳವಳಿಯಿಂದ ದೂರವೇ ಉಳಿಯಬೇಕಾಯಿತು. ನಮ್ಮ ಬಳಗದಲ್ಲೂ ಆ ಅನುಮಾನ ಇರುವ ಹಿರಿಯರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ, ಈ ವಿಷಯದಲ್ಲಿ ಮಾತ್ರ ಒಪ್ಪಿಗೆಯಿಲ್ಲ. ಒಂಬತ್ತು ವರ್ಷದ ಮಧುಮೇಹ, ನರದ ನೋವು, ಏಳು ವಾರಗಳ ಆ ಓಡಾಟ ಇವನ್ನೆಲ್ಲ ಪಕ್ಕಕ್ಕಿಟ್ಟು ಸಾವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆ ಮುನ್ನುಡಿಯಲ್ಲಿ ಏನಿತ್ತು? ಬಾಲ್ಯದಲ್ಲಿ ಕೇಳುಸ್ಕರ್ ಗುರುಗಳು ಬುದ್ಧನ ಜೀವನ ಚರಿತ್ರೆಯನ್ನು ಕೈಗಿಟ್ಟ ಕಥೆ ಇತ್ತು, ಈ ಗ್ರಂಥ ಏಕೆ ಬರೆದೆ ಎಂಬುದಿತ್ತು. ಜೊತೆಗೆ, ಬರೆಯುವ ವರ್ಷಗಳಲ್ಲಿ ಆರೋಗ್ಯ ಹೇಗೆ ಏರಿಳಿಯಿತು, ಒಂದು ಹಂತದಲ್ಲಿ ವೈದ್ಯರೇ ತನ್ನನ್ನು ಆರುತ್ತಿರುವ ದೀಪವೆಂದು ಭಾವಿಸಿದ್ದರು ಎಂಬ ಮಾತು. ಆ ದೀಪ ಮತ್ತೆ ಹೊತ್ತಿಕೊಂಡದ್ದು ತನ್ನ ಪತ್ನಿಯ ಮತ್ತು ಡಾ. ಮಾಳವಣಕರರ ವೈದ್ಯಕೀಯ ಕೌಶಲದಿಂದ, ಈ ಗ್ರಂಥ ಮುಗಿಯಲು ನೆರವಾದ ಅವರಿಬ್ಬರಿಗೆ ತಾನು ಋಣಿ ಎಂದು ಬರೆದಿದ್ದರು. ಕರಡಚ್ಚು ತಿದ್ದಿದ ಎಂ.ಬಿ. ಚಿಟ್ನಿಸರಿಗೂ ಕೃತಜ್ಞತೆ ಇತ್ತು. 1949ರ ನವೆಂಬರ್‌ನಲ್ಲಿ ಸಭೆಯ ಮುಂದೆ ಮಾಡಿದ ಕೆಲಸವನ್ನೇ ಇಲ್ಲಿಯೂ ಮಾಡಿದ್ದರು.

1957ರಲ್ಲಿ ಗ್ರಂಥ ಹೊರಬಂತು. ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಅದನ್ನು ಭಗವಾನ್ ದಾಸ್ ಅಚ್ಚು ಮಾಡಿಸಿ ಓದುಗರ ಕೈಗೆ ಕೊಟ್ಟದ್ದು 1980ರಲ್ಲಿ. ನಡುವೆ ಇಪ್ಪತ್ಮೂರು ವರ್ಷ.

ಭಾನುವಾರದ ಓದಿಗೆ ಬರುವಾಗ ಎಲ್ಲರೂ ನಿಮ್ಮ ನಿಮ್ಮ ಪ್ರತಿ ತನ್ನಿ. ಯಾರ ಯಾರ ಪ್ರತಿಯಲ್ಲಿ ಆ ಪುಟ ಇದೆ ಎಂದು ಮೊದಲು ನೋಡೋಣ. ಇಲ್ಲದವರಿಗೆ ಜೆರಾಕ್ಸ್ ಮಾಡಿಸಿ ತರುತ್ತೇನೆ.

ಭವತು ಸಬ್ಬ ಮಂಗಲಂ.